ಸೂರಿಲ್ಲದವರ ಮುಂದೆ ಕ್ಯಾಮೆರಾ



ಮನೆಯಿಲ್ಲದೆ ಬೀದಿಯಲ್ಲಿ ಮಲಗುವವರ ಫೋಟೋ ತೆಗೆದು ನಾಲ್ಕು ಜನಕ್ಕೆ ತೋರಿಸಿದರೆ ಸಮಾಜದಲ್ಲಿ ಅರಿವು ಮೂಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಭಾನುವಾರ ಬೆಳಗ್ಗೆ ಕ್ಯಾಮೆರಾ ಹೆಗಲಿಗೇರಿಸಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ, ಅವೆನ್ಯೂ ರಸ್ತೆ, ಶಿವಾಜಿನಗರಗಳ ಕಡೆ ಹೊರಡುವ ಹುಡುಗ ಹುಡುಗಿಯರಲ್ಲಿ ಬಹುಪಾಲು ಮಂದಿ ಇದನ್ನು ಪ್ರಾಮಾಣಿಕವಾಗಿ ನಂಬಿದವರು. ಅವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅರಿವು ಮೂಡಿದ ಮೇಲೆ ಏನಾಗಬೇಕು, ಅದು ಯಾರಿಂದ ಆಗಬೇಕು ಎಂಬುದನ್ನು ಫೋಟೋ ತೆಗೆಯುವ ಮೊದಲೇ ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಳ್ಳದೆ ತೆಗೆದ ಚಿತ್ರ, ಚಿತ್ರದಲ್ಲಿರುವವರಿಗೇ ಕೇಡು ತಂದದ್ದುಂಟು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಫೋಟೋದಿಂದ ಏನಾಗುತ್ತದೆ ಬಿಡಿ ಎನ್ನುವವರಿಗೆ 1943ರ ಕಲ್ಕತ್ತಾವನ್ನು ನೆನಪಿಸಬೇಕು. ಬಂಗಾಳದ ಹಳ್ಳಿಗಳಲ್ಲಿ ಅಕ್ಕಿ ಸಿಗದೆ ಗುಳೆ ಎದ್ದ ಜನ ಸಂಸಾರ ಸಮೇತ ನಗರದ ಪಾದಚಾರಿ ಹಾದಿಗಳಿಗೆ ಬಂದು ಬಿದ್ದಿದ್ದರು. ಯುದ್ಧಕಾಲದ ಕಟ್ಟಳೆಗಳಿಂದಾಗಿ ಪತ್ರಿಕೆಗಳು ಬರದ ಬಗ್ಗೆ ಮನಸ್ಸು ಬಿಚ್ಚಿ ಬರೆಯುವಂತಿರಲಿಲ್ಲ. ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆ ಕಟ್ಟಳೆಗಳನ್ನು ಓದಿ ನೋಡಿದರೆ ಅವುಗಳಲ್ಲಿ ಛಾಯಾಚಿತ್ರದ ಮಾತೇ ಇರಲಿಲ್ಲ. ಅವರು ಛಾಯಾಗ್ರಾಹಕರನ್ನು ಬೀದಿಗೆ ಕಳಿಸಿದರು. ಆಗಸ್ಟ್ 22ರಂದು ಆ ಚಿತ್ರಗಳು ಅಚ್ಚಾದವು. ಎಲುಬು ಎದ್ದ ತಾಯಂದಿರು, ಕೈಕಾಲು ಕಡ್ಡಿಯಾದ ಮಕ್ಕಳು, ಹಾದಿಯ ಮೇಲೆಯೇ ಪ್ರಾಣ ಬಿಟ್ಟವರು. ಅದು ಇಂಗ್ಲಿಷರ ಒಡೆತನದ, ಇಂಗ್ಲಿಷರೂ ಓದುತ್ತಿದ್ದ ಪತ್ರಿಕೆಯಾಗಿತ್ತು ಎಂಬುದನ್ನು ಮರೆಯಬಾರದು. ದೆಹಲಿಯ ಅಧಿಕಾರಿಗಳಿಗೂ ಲಂಡನ್ನಿನ ಮಂತ್ರಿಗಳಿಗೂ ಇನ್ನು ಮುಂದೆ ಗೊತ್ತಿಲ್ಲವೆನ್ನಲು ದಾರಿ ಉಳಿಯಲಿಲ್ಲ. ಅಕ್ಟೋಬರ್‌ನಲ್ಲಿ ವೈಸರಾಯ್ ಆಗಿ ಬಂದ ವೇವೆಲ್ ಕಲ್ಕತ್ತಾಕ್ಕೆ ಹೋಗಿ, ಪರಿಹಾರದ ಕೆಲಸಕ್ಕೆ ಸೇನೆಯನ್ನು ಇಳಿಸಿದರು. ಆ ಹೊತ್ತಿಗೆ ಸತ್ತವರ ಲೆಕ್ಕ ಲಕ್ಷಗಳಲ್ಲಿತ್ತು. ಆ ಬರ ಒಟ್ಟು 30 ಲಕ್ಷದಷ್ಟು ಜನರನ್ನು ನುಂಗಿತೆಂದು ನಂತರದ ವಿದ್ವಾಂಸರು ಅಂದಾಜು ಮಾಡಿದ್ದಾರೆ. ಚಿತ್ರಗಳು ಬರವನ್ನು ತಡೆದವೆಂದು ನಾನು ಹೇಳುತ್ತಿಲ್ಲ. ಅವು ಯಾರಿಗೆ ತಲುಪಬೇಕಿತ್ತೋ ಅವರ ಮೇಜಿಗೆ ತಲುಪಿದವು, ಉತ್ತರ ಕೇಳಿದವು.

ಇದಕ್ಕೂ ಹಿಂದೆ, ನಮ್ಮ ಹಿರೀಕರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದ 1876–78ರ ಕ್ಷಾಮದಲ್ಲೂ ಒಬ್ಬ ಕ್ಯಾಮೆರಾ ಹಿಡಿದು ನಿಂತಿದ್ದ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿದ್ದದ್ದು 1881ರ ಎಣಿಕೆಯಲ್ಲಿ 42 ಲಕ್ಷಕ್ಕೆ ಕುಸಿದಿತ್ತು. ಅದೇ ಬರದಲ್ಲಿ ಮದ್ರಾಸ್ ಪ್ರಾಂತದಲ್ಲಿ ಸೇನಾಧಿಕಾರಿ ವಿಲ್ಲೋಬಿ ಹೂಪರ್ ಊರುಬಿಟ್ಟು ಬಂದ ಜನರನ್ನು ಕೂರಿಸಿ, ನಿಲ್ಲಿಸಿ, ಸಾಲಾಗಿ ಜೋಡಿಸಿ ಫೋಟೋ ತೆಗೆದ. ಮದುವೆ ಮನೆಯ ಗುಂಪು ಚಿತ್ರದ ಹಾಗೆ ಎತ್ತರದವರು ಹಿಂದೆ, ಚಿಕ್ಕವರು ಮುಂದೆ. ಅವನ ಕ್ಯಾಮೆರಾಕ್ಕಾಗಿ ಕುಳಿತವರಿಗೆ ಅನ್ನ ಸಿಕ್ಕಿತೇ ಎಂಬ ಪ್ರಶ್ನೆ ಆ ಕಾಲದಲ್ಲೇ ಎದ್ದಿತು. ಆ ಚಿತ್ರಗಳನ್ನು ನೋಡುವಾಗ ನನಗೆ ಹಸಿವಿಗಿಂತ ಮೊದಲು ಕಣ್ಣಿಗೆ ಬೀಳುವುದು ಆ ಜೋಡಣೆ. ನಿಲ್ಲಲು ತ್ರಾಣವಿಲ್ಲದವರಿಗೆ ಯಾರೋ ‘ಹೀಗೆ ನಿಲ್ಲಿ’ ಎಂದಿದ್ದಾರೆ.

ಅದೇ ವರ್ಷಗಳ ಲಂಡನ್ನಿನ ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಜಾನ್ ಥಾಮ್ಸನ್ ಮತ್ತು ಅಡಾಲ್ಫ್ ಸ್ಮಿತ್ 1877–78ರಲ್ಲಿ ಹೊರತಂದ ‘ಸ್ಟ್ರೀಟ್ ಲೈಫ್ ಇನ್ ಲಂಡನ್’ನಲ್ಲಿ ಅದಿದೆ. ಕಲ್ಲಿನ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ತಲೆಯನ್ನು ಬಾಗಿಲ ಕಡೆಗೆ ಆನಿಸಿ ಕೂತಿದ್ದಾಳೆ. ತೊಡೆಯ ಮೇಲೆ ಬಟ್ಟೆ ಸುತ್ತಿದ ಕೂಸು. ಚಿತ್ರವಷ್ಟನ್ನೇ ನೋಡಿದರೆ ತಾಯಿ ಮಗು ಬೀದಿಪಾಲಾಗಿದ್ದಾರೆ ಎಂದು ಮರುಗಿ ಮುಂದೆ ಹೋಗುತ್ತೇವೆ. ಸ್ಮಿತ್ ಬರೆದ ಮಾತು ಓದಿದರೆ ಕಥೆಯೇ ಬೇರೆ. ಅವಳು ಸಿಂಪಿಗನೊಬ್ಬನ ವಿಧವೆ. ಕೂಸು ಅವಳದಲ್ಲ. ಅದರ ತಾಯಿ ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿಯವರೆಗೆ ನೋಡಿಕೊಂಡರೆ ಇವಳಿಗೆ ಒಂದು ಲೋಟ ಚಹಾ, ಒಂದಿಷ್ಟು ಬ್ರೆಡ್ಡು. ಅಂದರೆ ಆ ಮೆಟ್ಟಿಲ ಮೇಲೆ ಕೂತವಳು ಆ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಥಾಮ್ಸನ್‌ನ ಜೊತೆಗೆ ಕೇಳಿ ಬರೆದುಕೊಳ್ಳುವವನೊಬ್ಬ ಇದ್ದದ್ದರಿಂದ ಈ ಸಂಗತಿ ನಮಗೆ ಉಳಿಯಿತು. ಇಂದು ಮೊಬೈಲಿನಲ್ಲಿ ಹರಿದು ಬರುವ ಬೀದಿ ಚಿತ್ರಗಳ ಕೆಳಗೆ ಹೆಚ್ಚೆಂದರೆ ‘ಬದುಕು’, ‘ಹಸಿವು’, ‘ಮೌನ’ ಎಂಬ ಒಂದೊಂದು ಪದ ಇರುತ್ತದೆ.

ಅದೇ ಕಾಲಕ್ಕೆ ಅದೇ ಲಂಡನ್ನಿನಲ್ಲಿ ಅನಾಥ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಥಾಮಸ್ ಬರ್ನಾರ್ಡೋ, ಆಶ್ರಯಕ್ಕೆ ಬರುವ ಮುನ್ನ ಹೀಗಿದ್ದ, ಬಂದ ಮೇಲೆ ಹೀಗಾದ ಎಂದು ಮಕ್ಕಳ ಜೋಡಿ ಚಿತ್ರಗಳನ್ನು ಮಾರಿ ಹಣ ಎತ್ತುತ್ತಿದ್ದರು. ಮಕ್ಕಳ ಬಟ್ಟೆಯನ್ನು ಬೇಕೆಂದೇ ಹರಿದು ಫೋಟೋ ತೆಗೆಸುತ್ತಾರೆಂಬ ದೂರು ಬಂದು 1877ರಲ್ಲಿ ಪಂಚಾಯ್ತಿಕೆ ನಡೆಯಿತು. ದೊಡ್ಡ ಆರೋಪಗಳಿಂದ ಅವರು ಪಾರಾದರೂ, ಫೋಟೋದಲ್ಲಿ ಕಟ್ಟುಕತೆ ಹೇಳುವ ಈ ರೂಢಿಯನ್ನು ಪಂಚರು ಒಪ್ಪಲಿಲ್ಲ. ದಾನ ಎತ್ತಲು ಬಡತನವನ್ನು ಇನ್ನಷ್ಟು ಬಡವಾಗಿ ತೋರಿಸುವ ಚಟ ಅಷ್ಟು ಹಳೆಯದು.

ಈ ವಿಷಯದಲ್ಲಿ ಎಲ್ಲರೂ ಮೊದಲು ಎತ್ತುವ ಹೆಸರು ಜೇಕಬ್ ರೀಸ್. ಡೆನ್ಮಾರ್ಕಿನಿಂದ 1870ರಲ್ಲಿ ಅಮೆರಿಕಕ್ಕೆ ಬಂದ ಹುಡುಗ, ಕೆಲಸವಿಲ್ಲದೆ ಅಲೆದು, ನ್ಯೂಯಾರ್ಕಿನ ಪೊಲೀಸ್ ಠಾಣೆಗಳ ಕೊಠಡಿಯಲ್ಲಿ ನಿರಾಶ್ರಿತನಾಗಿ ಮಲಗಿದವನು. ಮುಂದೆ ಪತ್ರಿಕೆಗಳ ಪೊಲೀಸ್ ವರದಿಗಾರನಾದ. ಕತ್ತಲಲ್ಲಿ ಮದ್ದಿನ ಪುಡಿ ಉರಿಸಿ ಫೋಟೋ ತೆಗೆಯುವ ವಿಧಾನ ಬಂದಿದೆಯೆಂದು 1887ರಲ್ಲಿ ಓದಿ, ನಡುರಾತ್ರಿ ಕೊಳೆಗೇರಿಯ ಕೋಣೆಗಳಿಗೆ ನುಗ್ಗಿ ಚಿತ್ರ ತೆಗೆಯತೊಡಗಿದ. ಒಮ್ಮೆ ಆ ಬೆಂಕಿಯಿಂದ ಕೋಣೆಗೇ ಕಿಚ್ಚು ಹತ್ತಿತ್ತು. 1890ರಲ್ಲಿ ಬಂದ ಅವನ ‘ಹೌ ದಿ ಅದರ್ ಹಾಫ್ ಲಿವ್ಸ್’ ಪುಸ್ತಕ ನಗರವನ್ನು ಅಲ್ಲಾಡಿಸಿತು. ರೀಸ್‌ನ ಒತ್ತಾಯದಿಂದ, ಪೊಲೀಸ್ ಮಂಡಳಿಯ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟ್ 1896ರಲ್ಲಿ ಆ ಠಾಣೆಗಳ ಕೊಠಡಿಗಳನ್ನು ಮುಚ್ಚಿಸಿದರು. ಅವನು ಚಿತ್ರ ತೆಗೆದ ಮಲ್ಬೆರಿ ಬೆಂಡ್ ಎಂಬ ಕೊಳೆಗೇರಿಯನ್ನು ಕೆಡವಿ ಉದ್ಯಾನ ಮಾಡಿದರು.

ಇದನ್ನು ಛಾಯಾಗ್ರಹಣದ ಗೆಲುವೆಂದು ತರಗತಿಗಳಲ್ಲಿ ಪಾಠ ಮಾಡುತ್ತಾರೆ. ಗೆಲುವೂ ಹೌದು. ಆದರೆ ಕೊಠಡಿ ಮುಚ್ಚಿದ ರಾತ್ರಿ ಅಲ್ಲಿ ಮಲಗುತ್ತಿದ್ದವರು ಎಲ್ಲಿಗೆ ಹೋಗಬೇಕಿತ್ತು? ಮಲ್ಬೆರಿ ಬೆಂಡ್ ಕೆಡವಿದ ಮೇಲೆ ಅಲ್ಲಿಯ ಬಾಡಿಗೆದಾರರು ಉದ್ಯಾನದಲ್ಲಿ ವಾಸ ಮಾಡಿದರೇ? ರೀಸ್ ತೆಗೆದ ಚಿತ್ರಗಳು ಆ ಜಾಗದ ಹೊಲಸನ್ನು ಎಷ್ಟು ಚೆನ್ನಾಗಿ ತೋರಿಸಿದವೆಂದರೆ, ನೋಡಿದವರಿಗೆ ಆ ಜಾಗವನ್ನು ಇಲ್ಲವಾಗಿಸಬೇಕು ಎನಿಸಿತು. ಅಲ್ಲಿದ್ದವರಿಗೆ ಏನು ಬೇಕೆಂದು ಕೇಳುವ ವ್ಯವಧಾನ ಅವನಿಗೂ ಇರಲಿಲ್ಲ. ಇಟಲಿಯವರ, ಚೀನೀಯರ ಬಗ್ಗೆ ಅವನ ಬರಹದಲ್ಲಿ ಕಟುವಾದ ಪೂರ್ವಗ್ರಹಗಳಿವೆ.

ನಮ್ಮ ನಗರದಲ್ಲಿ ಈಗ ಅದೇ ನಡೆಯುತ್ತಿದೆ. ಮೇಲ್ಸೇತುವೆಯ ಕೆಳಗೆ ಮಲಗಿದ ಸಂಸಾರದ ಚಿತ್ರವನ್ನು ಯಾರೋ ಮರುಕದಿಂದ ಹಾಕುತ್ತಾರೆ. ಅದರ ಕೆಳಗೆ ಇನ್ನೊಬ್ಬರು ಪಾಲಿಕೆಯನ್ನೂ ಪೊಲೀಸರನ್ನೂ ಕರೆಯುತ್ತಾರೆ. ವಾರದಲ್ಲಿ ಆ ಜಾಗಕ್ಕೆ ಕಬ್ಬಿಣದ ಬೇಲಿ, ಒಳಗೆ ಹೂಗಿಡ. ಮರುಕ ಪಟ್ಟವನಿಗೂ ದೂರು ಕೊಟ್ಟವನಿಗೂ ಸಮಸ್ಯೆ ಬಗೆಹರಿಯಿತು. ಆ ಸಂಸಾರ ಇನ್ನೊಂದು ಸೇತುವೆಯ ಕೆಳಗಿದೆ, ಅಷ್ಟೇ.

ಇನ್ನು ಕ್ಯಾಲಿಫೋರ್ನಿಯಾದ ನಿಪೊಮೊ. 1936ರ ಮಾರ್ಚ್. ಕೊರೆಯುವ ಚಳಿಗೆ ಬಟಾಣಿ ಬೆಳೆ ಹಾಳಾಗಿ, ಕೊಯ್ಲಿಗೆಂದು ಗುಳೆ ಬಂದ ಕೂಲಿಗಳು ಡೇರೆಗಳಲ್ಲಿ ಹಸಿದು ಕೂತಿದ್ದರು. ಸರ್ಕಾರದ ಪುನರ್ವಸತಿ ಇಲಾಖೆಗೆ ಚಿತ್ರ ತೆಗೆಯುತ್ತಿದ್ದ ಡೊರೊಥಿಯಾ ಲ್ಯಾಂಗ್ ಅಲ್ಲಿ ಒಬ್ಬ ತಾಯಿಯನ್ನೂ ಅವಳ ಮಕ್ಕಳನ್ನೂ ಹತ್ತು ನಿಮಿಷದಲ್ಲಿ ಕೆಲವೇ ಚಿತ್ರಗಳಲ್ಲಿ ಸೆರೆಹಿಡಿದರು. ಮುಖಕ್ಕೆ ಕೈಯೂರಿ ದೂರ ನೋಡುವ ಆ ತಾಯಿಯ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ‘ಮೈಗ್ರೆಂಟ್ ಮದರ್’ ಎಂದು ಅದು ಲೋಕಪ್ರಸಿದ್ಧ. ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯಲ್ಲಿ ಸುದ್ದಿ ಬಂದದ್ದೇ ತಡ, ಸರ್ಕಾರ ಆ ಶಿಬಿರಕ್ಕೆ 20,000 ಪೌಂಡ್ ಆಹಾರ ಕಳಿಸಿತು. ಶಿಬಿರದವರಿಗೆ ಅನ್ನ ಸಿಕ್ಕಿತು. ಆ ತಾಯಿ ಮಾತ್ರ ಅಷ್ಟರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೋಗಿಬಿಟ್ಟಿದ್ದಳು.

ಲ್ಯಾಂಗ್ ಅವಳ ಹೆಸರು ಕೇಳಿರಲಿಲ್ಲ. ಗಾಡಿಯ ಟೈರು ಮಾರಿ ಊಟ ಮಾಡಿದರೆಂದು ಟಿಪ್ಪಣಿಯಲ್ಲಿ ಬರೆದರು. ಹಾಗೇನೂ ಆಗಿರಲಿಲ್ಲವೆಂದು ಮನೆಯವರು ಮುಂದೆ ಹೇಳಿದರು. ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬ ಆ ಹೆಂಗಸಿನ ಹೆಸರು ಲೋಕಕ್ಕೆ ಗೊತ್ತಾದದ್ದು 1978ರಲ್ಲಿ, ಚಿತ್ರ ತೆಗೆದ 42 ವರ್ಷಗಳ ಮೇಲೆ. ಆಗವಳು, ಆ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು, ನನಗೆ ಅದರಿಂದ ಒಂದು ಕಾಸೂ ಬರಲಿಲ್ಲ ಎಂದಳು. ಲ್ಯಾಂಗ್‌ಗೂ ಹಣ ಬರಲಿಲ್ಲವೆನ್ನಿ. ಚಿತ್ರ ಸರ್ಕಾರದ ಸ್ವತ್ತಾಗಿತ್ತು. ಆದರೆ ಒಬ್ಬಳ ಹೆಸರು ಬೆಳೆಯಿತು, ಇನ್ನೊಬ್ಬಳ ಮುಖ ಬಡತನದ ಮೊಹರಾಯಿತು. 1983ರಲ್ಲಿ ಫ್ಲಾರೆನ್ಸ್ ಹಾಸಿಗೆ ಹಿಡಿದಾಗ ಮಕ್ಕಳು ಸಹಾಯ ಕೇಳಿದರು. 35,000 ಡಾಲರಿಗೂ ಹೆಚ್ಚು ಹಣ ಬಂತು, ಅದರ ಜೊತೆಗೆ ರಾಶಿ ರಾಶಿ ಪತ್ರಗಳು. ಆ ಚಿತ್ರ ತಮ್ಮ ಬದುಕಿನಲ್ಲಿ ಏನಾಗಿತ್ತೆಂದು ಜನ ಬರೆದಿದ್ದರು. ಅಲ್ಲಿಯವರೆಗೆ ಆ ಚಿತ್ರವನ್ನು ಅವಮಾನವೆಂದೇ ಎಣಿಸಿದ್ದ ಮಕ್ಕಳಿಗೆ ಆ ಪತ್ರಗಳನ್ನು ಓದಿದ ಮೇಲೆ ಹೆಮ್ಮೆ ಎನಿಸಿತಂತೆ. ಆ ಪತ್ರಗಳು 47 ವರ್ಷ ತಡವಾಗಿ ಬಂದವು. ಹೆಸರು ಕೇಳಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ.

ಲ್ಯಾಂಗ್ ದೊಡ್ಡ ಕಲಾವಿದೆ, ಅಂತಃಕರಣವಿದ್ದವರು. ಅವರಿಂದಲೂ ಈ ಲೋಪವಾಯಿತೆಂದರೆ ಉಳಿದವರ ಪಾಡೇನು ಎಂದು ಯೋಚಿಸಿ.

ಬೆಂಗಳೂರಿಗೆ ಬರುತ್ತೇನೆ. ಕೆ.ಆರ್. ಮಾರುಕಟ್ಟೆಯ ಸುತ್ತ ರಾತ್ರಿ ಹನ್ನೊಂದರ ಮೇಲೆ ಹೋದರೆ ಮುಚ್ಚಿದ ಅಂಗಡಿಗಳ ಕಟ್ಟೆಗಳ ಮೇಲೆ ಜನ ಸಾಲಾಗಿ ಮಲಗಿರುತ್ತಾರೆ. ಕಳವಾಗದಿರಲೆಂದು ಚಪ್ಪಲಿಯನ್ನು ಟವೆಲಿನಲ್ಲಿ ಸುತ್ತಿ ತಲೆಯಡಿ ಇಟ್ಟುಕೊಂಡಿರುತ್ತಾರೆ. ಆಧಾರ್ ಕಾರ್ಡು, ಆಸ್ಪತ್ರೆಯ ಚೀಟಿ, ಊರಿನ ಒಂದೆರಡು ಫೋನ್ ನಂಬರು ಬರೆದ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿರುತ್ತಾರೆ. ನಸುಕಿನಲ್ಲಿ ತರಕಾರಿ ಲಾರಿಗಳು ಬಂದು ನಿಂತ ಕೂಡಲೇ ಅವರಲ್ಲಿ ಎಷ್ಟೋ ಮಂದಿ ಎದ್ದು ಮೂಟೆ ಇಳಿಸಲು ಓಡುತ್ತಾರೆ. ಇನ್ನು ಕೆಲವರು ಕಲ್ಯಾಣ ಮಂಟಪಗಳಲ್ಲಿ ಪಾತ್ರೆ ತೊಳೆಯಲು, ಕೆಲವರು ಗಾರೆ ಕೆಲಸಕ್ಕೆ, ಕೆಲವರು ಚಿಂದಿ ಆಯಲು. ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಬರುವ ಕ್ಯಾಮೆರಾಕ್ಕೆ ಸಿಗುವವರು ಎದ್ದು ಹೋಗಲಾಗದ ಮುದುಕರು, ಕಾಯಿಲೆಯವರು, ಕುಡಿದು ಬಿದ್ದವರು. ಹಾಗಾಗಿ ಮನೆಯಿಲ್ಲದವರೆಲ್ಲ ಕೆಲಸ ಮಾಡದವರು ಎಂಬ ಸುಳ್ಳು ಆ ಚಿತ್ರಗಳಿಂದಲೇ ಹರಡುತ್ತದೆ.

ಅಲ್ಲಿ ಒಬ್ಬ ರಾಯಚೂರು ಕಡೆಯವರನ್ನು ಮಾತಾಡಿಸಿದ್ದೆ. ಫೋಟೋ ತೆಗೆಯುವವರ ಬಗ್ಗೆ ಏನನ್ನಿಸುತ್ತದೆಂದು ಕೇಳಿದಾಗ ಅವರು ಹೇಳಿದ್ದು: “ಊರಾಗ ನಾ ರೂಮ್ ಮಾಡಿಕೊಂಡು ಅದೀನಿ ಅಂತ ಹೇಳೀನ್ರಿ. ಈ ಫೋಟೋ ಯಾರರ ಮೊಬೈಲ್‌ನ್ಯಾಗ ನೋಡಿದ್ರ ಮಗಳ ಲಗ್ನ ಮುರೀತದ.” ಅವರ ಪಕ್ಕದಲ್ಲಿದ್ದ ಹೂ ಕಟ್ಟುವ ಅಜ್ಜಿಯ ಭಯ ಬೇರೆ. ಫೋಟೋ ತೆಗೆದುಕೊಂಡು ಹೋದ ಮೇಲೆ ‘ಭಿಕ್ಷುಕರ ಗಾಡಿ’ ಬರುತ್ತದೆಂದು ಆಕೆ ಖಡಾಖಂಡಿತವಾಗಿ ನಂಬಿದ್ದಾಳೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೆಳಗೆ ಜನರನ್ನು ಹಿಡಿದು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಿಸುವುದು ಬೀದಿಯ ಬದುಕಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. 2010ರ ಆಗಸ್ಟ್‌ನಲ್ಲಿ ಅಲ್ಲಿ ಸಾಲು ಸಾಲಾಗಿ ಸಂಭವಿಸಿದ ಸಾವುಗಳು ಅವರ ನೆನಪಿನಿಂದ ಹೋಗಿಲ್ಲ. ನಾವು ಅರಿವು ಎನ್ನುವುದನ್ನು ಅವರು ಮಾನಹಾನಿ ಎನ್ನುತ್ತಾರೆ, ದಸ್ತಗಿರಿ ಎನ್ನುತ್ತಾರೆ. ಅವರ ಮಾತಿಗೆ ಬೆಲೆ ಕೊಡಬೇಕಾದ್ದು ಮರ್ಯಾದೆಯ ಮೊದಲ ಪಾಠ.

ಆದ್ದರಿಂದ ನನ್ನದು ಖಂಡಿತವಾದ ಮಾತು: ನಿದ್ದೆಯಲ್ಲಿರುವವರ ಚಿತ್ರ ತೆಗೆಯಬೇಡಿ. ಬೇಡವೆನ್ನಲು ಅವರಿಗೆ ಅವಕಾಶವೇ ಇರುವುದಿಲ್ಲ. ಮನೆಯಿದ್ದವರು ಬಾಗಿಲು ಹಾಕಿಕೊಂಡು ಮಾಡುವುದನ್ನೆಲ್ಲ, ಮಲಗುವುದನ್ನು, ಉಣ್ಣುವುದನ್ನು, ಮಗುವಿಗೆ ಹಾಲೂಡಿಸುವುದನ್ನು, ಅವರು ಬಯಲಲ್ಲಿ ಮಾಡಬೇಕಾಗಿದೆ. ಬಾಗಿಲಿಲ್ಲವೆಂಬ ಕಾರಣಕ್ಕೆ ಒಳಗೆ ನುಗ್ಗುವ ಹಕ್ಕು ನಮಗೆ ಬಂದುಬಿಡುವುದಿಲ್ಲ.

ಮಕ್ಕಳ ವಿಷಯದಲ್ಲಂತೂ ಕಾನೂನೇ ಸ್ಪಷ್ಟವಾಗಿದೆ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ನೆಲೆಯಿಲ್ಲದ, ಬೀದಿಯಲ್ಲಿ ಬದುಕುವ, ಭಿಕ್ಷೆ ಬೇಡುವ ಮಗು ಆರೈಕೆ ಮತ್ತು ರಕ್ಷಣೆ ಬೇಕಿರುವ ಮಗು. ಅಂಥ ಮಗುವಿನ ಗುರುತು ತಿಳಿಯುವಂತೆ ಹೆಸರು, ವಿಳಾಸ, ಚಿತ್ರ ಯಾವುದನ್ನೂ ಪ್ರಕಟಿಸಬಾರದೆಂದು ಅದರ 74ನೇ ಕಲಮು ಹೇಳುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಫೋಟೋ ಸ್ಪರ್ಧೆಗಳಲ್ಲಿ ಸಿಗ್ನಲ್ ಬಳಿಯ ಮಕ್ಕಳ ಮುಖಗಳಿಗೆ ಬಹುಮಾನ ಕೊಡುವ ತೀರ್ಪುಗಾರರು ಇದನ್ನು ಒಮ್ಮೆ ಓದಬೇಕು.

ಹಾಗಾದರೆ ಚಿತ್ರವೇ ಬೇಡವೇ? ಬೇಕು. ಆದರೆ ಕ್ಯಾಮೆರಾವನ್ನು ಸ್ವಲ್ಪ ತಿರುಗಿಸಬೇಕು. ಅಮೆರಿಕದ ಕಲಾವಿದೆ ಮಾರ್ಥಾ ರಾಸ್ಲರ್ 1974–75ರಲ್ಲಿ ನ್ಯೂಯಾರ್ಕಿನ ಬೊವರಿ ಬೀದಿಯನ್ನು ಚಿತ್ರಿಸಿದರು. ನಿರ್ಗತಿಕರಿಗೆ, ಕುಡುಕರಿಗೆ ಹೆಸರಾದ ಆ ಬೀದಿಯ ಚಿತ್ರಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಮುಚ್ಚಿದ ಬಾಗಿಲು, ಖಾಲಿ ಬಾಟಲಿ, ಪಕ್ಕದಲ್ಲಿ ಕುಡಿತಕ್ಕೆ ಜನ ಬಳಸುವ ಮಾತುಗಳ ಪಟ್ಟಿ. ಇಷ್ಟು ದೂರ ಹೋಗಬೇಕಿಲ್ಲ. ನಮ್ಮಲ್ಲೇ ಒಂದು ನಿದರ್ಶನವಿದೆ. 2018ರಲ್ಲಿ ಮುಂಬೈಯ ಫೋರ್ಟ್ ಪ್ರದೇಶದಲ್ಲಿ ಬ್ಯಾಂಕ್ ಶಾಖೆಯೊಂದು ತನ್ನ ಮುಂದಿನ ಕಟ್ಟೆಯ ಮೇಲೆ ಯಾರೂ ಮಲಗದಂತೆ ಕಬ್ಬಿಣದ ಮೊಳೆಗಳನ್ನು ನೆಡಿಸಿತ್ತು. ಆ ಮೊಳೆಗಳ ಫೋಟೋ ಹರಿದಾಡಿತು. ಜನ ಛೀಮಾರಿ ಹಾಕಿದರು, ಬ್ಯಾಂಕು ಮೊಳೆ ಕಿತ್ತಿತು. ಯಾರ ಮುಖವನ್ನೂ ಬಯಲಿಗಿಡದೆ, ತಪ್ಪು ಯಾರದೆಂದು ಬೆರಳಿಟ್ಟು ತೋರಿಸಿದ ಚಿತ್ರ ಅದು.

ಅದೇ ವರ್ಷ ಇದಕ್ಕೆ ತೀರಾ ವಿರುದ್ಧವಾದ ಇನ್ನೊಂದು ಕೆಲಸ ಲೋಕದ ಕಣ್ಣಿಗೆ ಬಿತ್ತು. ಇಟಲಿಯ ಅಲೆಸ್ಸಿಯೊ ಮಾಮೊ ಉತ್ತರಪ್ರದೇಶ, ಮಧ್ಯಪ್ರದೇಶಗಳ ಬಡವರ ಮುಂದೆ ಮೇಜು ಹಾಕಿ, ಅದರ ಮೇಲೆ ನಕಲಿ ಭಕ್ಷ್ಯಗಳನ್ನು ಜೋಡಿಸಿ, ಕಣ್ಣು ಮುಚ್ಚಿಸಿ, ಇಷ್ಟದ ಊಟವನ್ನು ಕನಸು ಕಾಣಲು ಹೇಳಿ ಫೋಟೋ ತೆಗೆದಿದ್ದರು. ಆಹಾರ ಪೋಲಾಗುವುದರ ಬಗ್ಗೆ ಪಶ್ಚಿಮದವರಲ್ಲಿ ಅರಿವು ಮೂಡಿಸುವುದು ಉದ್ದೇಶವಾಗಿತ್ತಂತೆ. ಟೀಕೆಯ ಮಳೆ ಸುರಿದ ಮೇಲೆ ಅವರು ಕ್ಷಮೆ ಕೇಳಿದರು. ಹಸಿದವರ ಮುಂದೆ ತಿನ್ನಲಾಗದ ಅನ್ನವನ್ನಿಟ್ಟ ಆ ಕೆಲಸಕ್ಕೆ ಅರಿವಿನ ಹೆಸರು ಒಪ್ಪುವುದಿಲ್ಲ.

ಕ್ಯಾಮೆರಾವನ್ನೇ ಕೈ ಬದಲಿಸಿದವರೂ ಇದ್ದಾರೆ. ವಾಷಿಂಗ್ಟನ್ನಿನಲ್ಲಿ ಸೂರಿಲ್ಲದ ಸಂಸಾರಗಳ ಚಿತ್ರ ತೆಗೆಯುತ್ತಿದ್ದ ಜಿಮ್ ಹಬರ್ಡ್ 1989ರಲ್ಲಿ ಅಲ್ಲಿಯ ಮಕ್ಕಳಿಗೇ ಛಾಯಾಗ್ರಹಣ ಕಲಿಸಲು ಶುರುಮಾಡಿದರು. ಲಂಡನ್ನಿನ ಕೆಫೆ ಆರ್ಟ್ ಎಂಬ ಸಂಸ್ಥೆ ಸೂರಿಲ್ಲದ ನೂರು ಮಂದಿಗೆ ಒಂದೊಂದು ಅಗ್ಗದ ಕ್ಯಾಮೆರಾ ಕೊಟ್ಟು, ಅವರು ತೆಗೆದ ಚಿತ್ರಗಳಲ್ಲಿ ಆಯ್ದು ಕ್ಯಾಲೆಂಡರ್ ಮಾಡಿ ಮಾರಿತು. ಆ ಚಿತ್ರಗಳಲ್ಲಿ ಬಹಳಷ್ಟರ ತುಂಬ ಇರುವುದು ಲಂಡನ್ ನಗರವೇ. ಬೀದಿಯಲ್ಲಿ ಬದುಕುವವನಿಗೆ ನಗರ ಎಷ್ಟು ಚೆನ್ನಾಗಿ ಗೊತ್ತಿರುತ್ತದೆ ಎಂಬುದನ್ನು ನಾವು ಯೋಚಿಸುವುದೇ ಇಲ್ಲ.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು, ಯುನಿಸೆಫ್‌ಗಾಗಿ ಬಡ ಮಕ್ಕಳ ಬದುಕನ್ನು ಅವರು ಚಿತ್ರಿಸಿದರು. ಅವರ ಚಿತ್ರಗಳಲ್ಲಿ ಬಡವರು ಅಳುವ ವಸ್ತುಗಳಾಗಿಲ್ಲ. ದುಡಿಯುತ್ತಾರೆ, ನಗುತ್ತಾರೆ, ಆಡುತ್ತಾರೆ, ಎದುರಿನವನನ್ನು ನೇರವಾಗಿ ನೋಡುತ್ತಾರೆ. ಚಿತ್ರ ತೆಗೆದವನು ಅವರೊಡನೆ ಮಾತಾಡಿದ್ದಾನೆ ಎಂಬುದು ಚಿತ್ರ ನೋಡಿದರೇ ತಿಳಿಯುತ್ತದೆ.

2011ರ ಜನಗಣತಿ ದೇಶದಲ್ಲಿ 17.7 ಲಕ್ಷ ಮಂದಿ ಮನೆಯಿಲ್ಲದವರನ್ನು ಎಣಿಸಿತು. ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ, ಹಗಲೂ ರಾತ್ರಿ ತೆರೆದಿರುವ ಒಂದು ಆಶ್ರಯ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ರಾಜ್ಯಗಳಿಗೆ ಸೂಚಿಸಿತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಲ್ಲಿ ಕೇಂದ್ರವೊಂದರಲ್ಲಿ ನೂರು ಜನಕ್ಕೆ ಜಾಗ, ತಲೆಗೆ 50 ಚದರ ಅಡಿ ಎಂದಿತ್ತು. 2011ರ ಎಣಿಕೆಯಂತೆ 84 ಲಕ್ಷ ಜನರಿದ್ದ ಬೆಂಗಳೂರಿಗೆ 84 ಕೇಂದ್ರಗಳು ಬೇಕು. ನಗರ ಆಮೇಲೆ ಎಷ್ಟು ಬೆಳೆದಿದೆ ಎಂಬುದು ನಿಮಗೆ ಗೊತ್ತು. ಈ ಕೇಂದ್ರಗಳನ್ನು ಕೊಡಬೇಕಾದವರೇ ಚಿತ್ರಕ್ಕೆ ಬೇಕಾದ ವಿಳಾಸ.

ಮುಂದಿನ ಭಾನುವಾರ ಕ್ಯಾಮೆರಾ ಹಿಡಿದು ಹೊರಡುವ ಗೆಳೆಯ ಗೆಳತಿಯರಲ್ಲಿ ನನ್ನ ಬೇಡಿಕೆ ಇದು. ನಿಮ್ಮ ವಾರ್ಡಿಗೆ ಹತ್ತಿರದ ಆಶ್ರಯ ಕೇಂದ್ರ ಎಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ರಾತ್ರಿ ಹತ್ತಕ್ಕೆ ಅಲ್ಲಿಗೆ ಹೋಗಿ ಬಾಗಿಲು ತೆರೆದಿದ್ದರೆ ತೆರೆದ ಬಾಗಿಲನ್ನು, ಬೀಗ ಬಿದ್ದಿದ್ದರೆ ಬೀಗವನ್ನು ಚಿತ್ರಿಸಿ. ಹೆಂಗಸರಿಗೆ ಪ್ರತ್ಯೇಕ ಜಾಗವಿದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ನೋಡಿ. ಬೀದಿಯಲ್ಲಿರುವವರ ಚಿತ್ರ ತೆಗೆಯಲೇಬೇಕಾದರೆ ಕೂತು ಮಾತಾಡಿ, ಹೆಸರು ಕೇಳಿ, ಎಲ್ಲಿ ಹಾಕುತ್ತೀರೆಂದು ತಿಳಿಸಿ, ಬೇಡವೆಂದರೆ ಕ್ಯಾಮೆರಾ ಒಳಗಿಡಿ. ಒಪ್ಪಿದರೆ ಮುದ್ರಿಸಿದ ಪ್ರತಿಯೊಂದನ್ನು ತಂದು ಅವರ ಕೈಗೆ ಕೊಡಿ. ಆಮೇಲೆ ಆ ಚಿತ್ರಗಳನ್ನು ಒಂದು ಅರ್ಜಿಯ ಜೊತೆ ಪಾಲಿಕೆಯ ಆಯುಕ್ತರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಸಲ್ಲಿಸಿ, ಸ್ವೀಕೃತಿ ಪತ್ರ ಪಡೆದುಕೊಳ್ಳಿ.